ತಂಗುದಾಣ ಸಾಕೆ, ಮನೆ ಬೇಡವೆ?

ನಾರಾಯಣಪುರ ಎಂಬ ಊರಿನ ಹೆಸರು ರಾಜಧಾನಿಯ ಓದುಗರ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಮಳೆಗಾಲದಲ್ಲಿ ಮಾತ್ರ. ಮಹಾರಾಷ್ಟ್ರದಲ್ಲಿ ಮಳೆ ಹೆಚ್ಚಿತು, ಆಲಮಟ್ಟಿ ತುಂಬಿತು, ಬಸವಸಾಗರ ಜಲಾಶಯದ ಗೇಟುಗಳನ್ನು ಎತ್ತಿ ನದಿಗೆ ಇಷ್ಟು ಕ್ಯೂಸೆಕ್ ನೀರು ಬಿಡಲಾಯಿತು ಎಂಬ ಸುದ್ದಿ ಬರುತ್ತದೆ. ನೆರೆ ಇಳಿದ ಮೇಲೆ ಊರಿನ ಹೆಸರೂ ಪತ್ರಿಕೆಗಳಿಂದ ಮರೆಯಾಗುತ್ತದೆ. ಆದರೆ ಯಾದಗಿರಿ ಜಿಲ್ಲೆಯ ಈ ಮೂಲೆಗೂ ಬೆಂಗಳೂರಿಗೂ ಇನ್ನೊಂದು ಸಂಬಂಧವಿದೆ. ಸುಗ್ಗಿ ಮುಗಿದ ಮೇಲೆ ಸುರಪುರ, ಶಹಾಪುರ, ಹುಣಸಗಿ ಸೀಮೆಯ ಹಳ್ಳಿಗಳಿಂದ, ತಾಂಡಾಗಳಿಂದ ಕುಟುಂಬಕ್ಕೆ ಕುಟುಂಬವೇ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಬಸ್ಸು ಹತ್ತುತ್ತವೆ. ನಮ್ಮ ಕಡೆ ಇದನ್ನು ಗುಳೆ ಎನ್ನುತ್ತಾರೆ.

ನಾನು ಆ ಸೀಮೆಯವನು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಅದೇ ಯೋಜನೆಯ ಭಾಗವಾದ ನಾರಾಯಣಪುರದ ಅಣೆಕಟ್ಟೆ ಮುಗಿದದ್ದು 1982ರಲ್ಲಿ. ಅಲ್ಲಿಂದ ಹೊರಟ ಎಡದಂಡೆ ಕಾಲುವೆ ಒಣಭೂಮಿಯ ಚಹರೆಯನ್ನೇ ಬದಲಿಸಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಹೊಲಗಳಿಗೆ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾಗದು. ಆದರೆ ನೀರು ಹೋದದ್ದು ಹೊಲವಿದ್ದವರ ಹೊಲಕ್ಕೆ. ಹೊಲವೇ ಇಲ್ಲದವರಿಗೆ, ಕಾಲುವೆಯ ಕೊನೆಯಂಚಿನಲ್ಲಿದ್ದವರಿಗೆ, ಕಾಲುವೆ ತಲುಪದ ಊರುಗಳವರಿಗೆ ದೂರದ ಪೇಟೆಯೇ ಗತಿಯಾಯಿತು. 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾದ ಯಾದಗಿರಿ, 2011ರ ಜನಗಣತಿಯಲ್ಲಿ ಶೇ 51.8ರಷ್ಟು ಸಾಕ್ಷರತೆಯೊಂದಿಗೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಅಕ್ಷರ ಬಾರದವನಿಗೆ ಮಹಾನಗರದಲ್ಲಿ ಸಿಗುವ ಕೆಲಸ ಯಾವುದೆಂದು ವಿವರಿಸಬೇಕಾಗಿಲ್ಲ.

ಬೆಂಗಳೂರಿನಲ್ಲಿ ಇವರ ವಾಸ ಎಲ್ಲಿ ಎಂಬುದು ಹೊರವರ್ತುಲ ರಸ್ತೆಯ ಆಚೆ ಓಡಾಡುವ ಎಲ್ಲರಿಗೂ ಗೊತ್ತು. ಖಾಲಿ ನಿವೇಶನದಲ್ಲಿ ಬೊಂಬು ನೆಟ್ಟು ನೀಲಿ ತಾಡಪಾಲು ಹೊದಿಸಿದ ಶೆಡ್ಡುಗಳು. ಅನೇಕ ಕಡೆ ಅದಕ್ಕೂ ತಿಂಗಳ ಬಾಡಿಗೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಅಕ್ರಮ ಬಾಂಗ್ಲಾದೇಶಿಯರು ನೆಲೆಸಿದ್ದಾರೆಂಬ ಆರೋಪದ ಮೇಲೆ ಇಂಥ ಶೆಡ್ಡುಗಳನ್ನು ಕೆಡವಲಾಯಿತು. ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ತಮ್ಮದೇ ರಾಜ್ಯದ ರಾಜಧಾನಿಯಲ್ಲಿ ಅವರು ಗುರುತಿನ ಚೀಟಿ ಹಿಡಿದು ತಾವು ಇಲ್ಲಿಯವರೆಂದು ರುಜುವಾತು ಮಾಡಬೇಕಾಯಿತು. ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿ, ನ್ಯಾಯಾಲಯ ಈ ಕ್ರಮವನ್ನು ಆಕ್ಷೇಪಿಸಿತು.

ಗುಳೆ ಹೋದವರಲ್ಲಿ ಬಹುಪಾಲು ಜನ ಮುಂಗಾರಿನ ಹೊತ್ತಿಗೆ, ಇಲ್ಲವೆ ಊರ ಜಾತ್ರೆಗೆ ಹಿಂದಿರುಗುತ್ತಾರೆ. ಅವರ ಬದುಕು ಎಷ್ಟೇ ಕಷ್ಟದ್ದಾದರೂ ಅವರಿಗೊಂದು ಊರಿದೆ, ಕಾಯುವ ಜನ ಇದ್ದಾರೆ. ಈ ಲೇಖನದ ಕಾಳಜಿ ಇರುವುದು ಹಿಂದಿರುಗದೆ ಉಳಿಯುವ ಒಂದು ಸಣ್ಣ ಪಾಲಿನ ಬಗ್ಗೆ. ಸೆಂಟ್ರಿಂಗ್ ಮೇಲಿಂದ ಬಿದ್ದು ದುಡಿಯುವ ಶಕ್ತಿ ಕಳೆದುಕೊಂಡವರು, ಕುಡಿತಕ್ಕೆ ಬಿದ್ದು ಮನೆಯವರಿಗೆ ಮುಖ ತೋರಿಸಲಾರದವರು, ಗಂಡ ಬಿಟ್ಟುಹೋದ ಹೆಂಗಸರು, ಮನಸ್ಸಿನ ಕಾಯಿಲೆಯಿಂದಾಗಿ ಬಂದ ದಾರಿಯನ್ನೇ ಮರೆತವರು. ಇವರು ಒಂದು ತಿಂಗಳೋ ಎರಡು ತಿಂಗಳೋ ಬೀದಿಯಲ್ಲಿರುವವರಲ್ಲ. ಐದು, ಹತ್ತು, ಇಪ್ಪತ್ತು ವರ್ಷಗಳಿಂದ ಬಸ್ ನಿಲ್ದಾಣ, ಮಾರುಕಟ್ಟೆ, ಮೇಲ್ಸೇತುವೆಯ ಅಡಿ, ದೇವಸ್ಥಾನ–ದರ್ಗಾಗಳ ಅಂಗಳವೇ ಇವರ ನೆಲೆ. ನಾರಾಯಣಪುರದ ಕಡೆಯಿಂದ ಬಂದವರಂತೆಯೇ ತಮಿಳುನಾಡು, ಆಂಧ್ರ, ಬಿಹಾರಗಳಿಂದ ಬಂದವರೂ, ಬೆಂಗಳೂರಿನಲ್ಲೇ ಹುಟ್ಟಿದವರೂ ಇವರಲ್ಲಿದ್ದಾರೆ.

ಕೆಲವು ವರ್ಷಗಳ ಹಿಂದೆ ಊರಿನ ಬಸ್ಸಿಗಾಗಿ ಮೆಜೆಸ್ಟಿಕ್‌ನಲ್ಲಿ ಕಾಯುತ್ತಿದ್ದಾಗ ವಯಸ್ಸಾದ ಒಬ್ಬರು ನಮ್ಮ ಮಾತಿನ ಧಾಟಿ ಕೇಳಿ ಹತ್ತಿರ ಬಂದು ಕುಳಿತರು. ‘ಯಾವೂರ್ರೀ ಕಾಕಾ?’ ಎಂದು ಕೇಳಿದೆ. ಸುರಪುರದ ಕಡೆಯ ಒಂದು ಹಳ್ಳಿಯ ಹೆಸರು ಹೇಳಿದರು. ಟಿಕೆಟ್ ನಾನು ತೆಗೆಸುತ್ತೇನೆ, ಊರಿಗೆ ಬನ್ನಿ ಎಂದೆ. ‘ಊರಿಗಿ ಬಂದು ಏನ್ ಮಾಡ್ಲಿರಿ? ಅಲ್ಲಿ ನಂದಂತ ಏನದ?’ ಎಂದರು. ರಾತ್ರಿ ತಂಗುದಾಣಗಳಿವೆಯಲ್ಲ ಎಂದಾಗ ಅವರು ಹೇಳಿದ್ದು ಇಷ್ಟು: ‘ಒಂದ್ ಕಡಿ ಹೋಗಿದ್ನಿರಿ. ಬೆಳಗಾತಂದ್ರ ಹೊರಗ ಹಾಕ್ತಾರ. ಗಂಟು ಎಲ್ಲಿ ಇಡ್ಲಿ?’ ವಸತಿ ನೀತಿಯ ಬಗ್ಗೆ ನಾನು ಓದಿದ ಅನೇಕ ವರದಿಗಳಿಗಿಂತ ಈ ಕೊನೆಯ ಪ್ರಶ್ನೆ ಸಮಸ್ಯೆಯನ್ನು ಸ್ಪಷ್ಟವಾಗಿ ಹೇಳುತ್ತದೆ. ಮನೆಯೆಂದರೆ ಮಲಗುವ ಜಾಗವಷ್ಟೇ ಅಲ್ಲ. ಗಂಟು ಇಟ್ಟು ಬಾಗಿಲು ಹಾಕಿಕೊಂಡು ಹೋಗಿ, ಸಂಜೆ ಬಂದಾಗ ಅದು ಅಲ್ಲೇ ಇರುವುದೆಂದು ನಂಬಬಹುದಾದ ಜಾಗ.

ಇಂಥವರು ಎಷ್ಟು ಜನ? 2011ರ ಜನಗಣತಿಯಲ್ಲಿ ಫೆಬ್ರುವರಿ 28ರ ರಾತ್ರಿ ನಡೆದ ಎಣಿಕೆಯ ಪ್ರಕಾರ ದೇಶದಲ್ಲಿ 17.7 ಲಕ್ಷ ವಸತಿರಹಿತರಿದ್ದರು. ಅವರಲ್ಲಿ ಅರ್ಧಕ್ಕೂ ಹೆಚ್ಚು, ಅಂದರೆ ಸುಮಾರು 9.4 ಲಕ್ಷ ಮಂದಿ ನಗರ ಪಟ್ಟಣಗಳಲ್ಲಿದ್ದರು. ಕರ್ನಾಟಕದ ಲೆಕ್ಕ 76 ಸಾವಿರಕ್ಕೂ ಹೆಚ್ಚು. ಒಂದೇ ರಾತ್ರಿಯಲ್ಲಿ, ಎಣಿಕೆದಾರರ ಕಣ್ಣಿಗೆ ಬಿದ್ದವರನ್ನಷ್ಟೇ ಸೇರಿಸಿದ ಲೆಕ್ಕವಿದು. ಪೊಲೀಸರ ಲಾಠಿಗೆ ಹೆದರಿ ಕತ್ತಲಲ್ಲಿ ಅಡಗಿ ಮಲಗುವವರು, ಅದರಲ್ಲೂ ಹೆಂಗಸರು, ಇಂಥ ಎಣಿಕೆಗೆ ಸಿಗುವುದು ಅಪರೂಪ. ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಉಲ್ಲೇಖ ದಿನವೆಂದು ನಿಗದಿ ಮಾಡಲಾಗಿದೆ. ಈ ಸಲವಾದರೂ ‘ಎಷ್ಟು ಕಾಲದಿಂದ ಬೀದಿಯಲ್ಲಿದ್ದೀರಿ’ ಎಂಬ ಪ್ರಶ್ನೆಯನ್ನು ನಮ್ಮ ನಗರಾಡಳಿತಗಳು ತಾವಾಗಿ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಏಕೆಂದರೆ ಒಂದು ವಾರ ಸೂರಿಲ್ಲದವನಿಗೆ ಬೇಕಾದ ನೆರವೇ ಬೇರೆ, ಹತ್ತು ವರ್ಷ ಸೂರಿಲ್ಲದವನಿಗೆ ಬೇಕಾದ ನೆರವೇ ಬೇರೆ.

ಈವರೆಗೆ ಸರ್ಕಾರಕ್ಕೆ ತೋಚಿರುವ ದಾರಿಗಳು ಎರಡು. ಮೊದಲನೆಯದು ಹಿಡಿದು ಇಡುವುದು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಭಿಕ್ಷೆ ಬೇಡುವವರನ್ನು ಹಿಡಿದು ತಂದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇರಿಸಬಹುದು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ಅಂಥ ಕೇಂದ್ರವನ್ನು ಜನ ಬೆಗ್ಗರ್ಸ್ ಕಾಲೊನಿ ಎಂದೇ ಕರೆದರು. 2010ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಾಗ ರಾಜ್ಯವೇ ಬೆಚ್ಚಿಬಿದ್ದಿತು. ಆಮೇಲೆ ಅಲ್ಲಿನ ವ್ಯವಸ್ಥೆಯಲ್ಲಿ ಸುಧಾರಣೆಯ ಪ್ರಯತ್ನಗಳು ನಡೆದಿವೆ, ನಿಜ. ಆದರೆ ಬಡತನವನ್ನು ಅಪರಾಧವೆಂದು ನೋಡುವ ಕಾಯ್ದೆ ಹಾಗೆಯೇ ಉಳಿದಿದೆ. ದೆಹಲಿಗೆ ಅನ್ವಯವಾಗುತ್ತಿದ್ದ ಇಂಥದ್ದೇ ಕಾನೂನಿನ ಮುಖ್ಯ ಕಲಮುಗಳನ್ನು ದೆಹಲಿ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ಸಂವಿಧಾನಬಾಹಿರವೆಂದು ತಳ್ಳಿಹಾಕಿದೆ.

ಎರಡನೆಯ ದಾರಿ ರಾತ್ರಿ ತಂಗುದಾಣ. 2009ರ ಡಿಸೆಂಬರ್‌ನ ಚಳಿಯಲ್ಲಿ ದೆಹಲಿಯ ತಾತ್ಕಾಲಿಕ ತಂಗುದಾಣವೊಂದನ್ನು ಕೆಡವಿದ ಸಂಗತಿ ಸುಪ್ರೀಂ ಕೋರ್ಟಿನ ಗಮನಕ್ಕೆ ಬಂದ ಮೇಲೆ, ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ತಂಗಬಹುದಾದ ಒಂದು ಆಶ್ರಯ ತಾಣವಿರಬೇಕೆಂಬ ಮಾನದಂಡ ರೂಪುಗೊಂಡಿತು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಪ್ರತಿಯೊಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗವಿರಬೇಕು, ತಾಣ ದಿನದ 24 ಗಂಟೆಯೂ ತೆರೆದಿರಬೇಕು ಎಂದಿತು. ಚಳಿಮಳೆಯಲ್ಲಿ ಜೀವ ಉಳಿಸುವ ತಂಗುದಾಣಗಳನ್ನು ಹಗುರವಾಗಿ ಕಾಣುವ ಉದ್ದೇಶ ನನ್ನದಲ್ಲ. ಅವು ಇನ್ನೂ ಹೆಚ್ಚಬೇಕು, ಹೆಂಗಸರಿಗೆ ಪ್ರತ್ಯೇಕವಾಗಿ ಇನ್ನೂ ಹೆಚ್ಚಬೇಕು. ಆದರೆ ತಂಗುದಾಣ ದಾರಿಹೋಕನ ಛತ್ರದಂತೆ. ದಾರಿಯೇ ಮುಗಿದುಹೋದವನು ಛತ್ರದಲ್ಲಿ ಎಷ್ಟು ದಿನ ಇರಬಲ್ಲ? ವಿಳಾಸವಿಲ್ಲ, ಬಾಗಿಲಿಲ್ಲ, ಅಡುಗೆಗೆ ಒಲೆಯಿಲ್ಲ. ಮಾತ್ರೆ ತೆಗೆದುಕೊಳ್ಳಬೇಕಾದವನಿಗೆ ಮಾತ್ರೆ ಇಡಲು ಒಂದು ಗೂಡೂ ಇಲ್ಲ.

ಮೂರನೆಯ ದಾರಿಯೊಂದಿದೆ. ಅದನ್ನು ಬೆಂಬಲ ಸಹಿತ ವಸತಿ ಎಂದು ಕರೆಯಬಹುದು. ಇದರ ತಿರುಳು ಸರಳ. ಬಹುಕಾಲ ಬೀದಿಯಲ್ಲಿದ್ದವರಿಗೆ ‘ಮೊದಲು ಕುಡಿತ ಬಿಡು, ಕಾಯಿಲೆ ವಾಸಿ ಮಾಡಿಕೊ, ಕೆಲಸ ಹುಡುಕಿಕೊ, ಆಮೇಲೆ ಮನೆ’ ಎನ್ನುವ ಬದಲು ಮೊದಲು ಮನೆಯ ಕೀಲಿಕೈ ಕೊಡುವುದು. ಅದು ಊರಾಚೆಯ ದೊಡ್ಡ ಕಟ್ಟಡವಾಗಿರಬಾರದು. ಸಾಮಾನ್ಯ ಬೀದಿಯ ಸಾಮಾನ್ಯ ಮನೆಯಾಗಿರಬೇಕು. ಬಾಡಿಗೆಯ ದೊಡ್ಡ ಭಾಗವನ್ನು ಸರ್ಕಾರವೋ ಸಂಸ್ಥೆಯೋ ಭರಿಸಬೇಕು; ವಾಸಿಸುವವರು ತಮ್ಮ ದುಡಿಮೆಯಿಂದ, ಪಿಂಚಣಿಯಿಂದ ಆದಷ್ಟನ್ನು ಕೊಡಬೇಕು. ತರಬೇತಿ ಪಡೆದ ಕಾರ್ಯಕರ್ತರು ವಾರಕ್ಕೆ ಇಂತಿಷ್ಟು ಸಲ ಬಂದು ಆಸ್ಪತ್ರೆ, ಪಡಿತರ, ಬ್ಯಾಂಕ್ ಖಾತೆ, ನೆರೆಹೊರೆಯ ಜಗಳ ಇಂಥವುಗಳಲ್ಲೆಲ್ಲ ನೆರವಾಗಬೇಕು. ಚಿಕಿತ್ಸೆಯನ್ನು ಒಪ್ಪದಿದ್ದರೆ ಮನೆ ಬಿಡಿಸುತ್ತೇವೆ ಎಂಬ ಬೆದರಿಕೆ ಇರಬಾರದು.

ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು 1992ರಲ್ಲಿ ಈ ಬಗೆಯ ಕಾರ್ಯಕ್ರಮ ಆರಂಭಿಸಿದರು. ಫಿನ್ಲೆಂಡ್ 2008ರಲ್ಲಿ ಇದನ್ನೇ ರಾಷ್ಟ್ರೀಯ ನೀತಿಯಾಗಿಸಿ, ತಂಗುದಾಣಗಳನ್ನು ಮನೆಗಳಾಗಿ ಪರಿವರ್ತಿಸಲು ತೊಡಗಿತು. ಹೆಲ್ಸಿಂಕಿಯಲ್ಲಿ ಸುಮಾರು 250 ಹಾಸಿಗೆಗಳಿದ್ದ ಹಳೆಯ ತಂಗುದಾಣವೊಂದು 2012ರ ಹೊತ್ತಿಗೆ ಸುಮಾರು 80 ಸ್ವತಂತ್ರ ಮನೆಗಳ ಕಟ್ಟಡವಾಯಿತು. ಆ ದೇಶದಲ್ಲಿ ವಸತಿರಹಿತರ ಸಂಖ್ಯೆ ಮುಂದಿನ ಒಂದೂವರೆ ದಶಕದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. 2024ರಲ್ಲಿ ಮತ್ತೆ ಸ್ವಲ್ಪ ಏರಿತು. ಕೆನಡಾ 2009ರಿಂದ 2013ರವರೆಗೆ ಐದು ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ದೊಡ್ಡ ಅಧ್ಯಯನ ನಡೆಸಿತು. ಅದರ ಕೊನೆಯ ಆರು ತಿಂಗಳಲ್ಲಿ, ಮೊದಲು ಮನೆ ಪಡೆದವರ ಪೈಕಿ ಶೇ 62ರಷ್ಟು ಮಂದಿ ಪೂರ್ಣಾವಧಿ ಮನೆಯಲ್ಲೇ ಇದ್ದರು. ಮಾಮೂಲಿ ನೆರವು ಪಡೆದವರಲ್ಲಿ ಈ ಪ್ರಮಾಣ ಶೇ 31 ಮಾತ್ರ. ಇದರಿಂದ ಎಲ್ಲರ ಕುಡಿತವೂ ಬಿಟ್ಟುಹೋಯಿತು, ಎಲ್ಲರ ಕಾಯಿಲೆಯೂ ವಾಸಿಯಾಯಿತು ಎಂದೇನೂ ಅಧ್ಯಯನ ಹೇಳಲಿಲ್ಲ. ಮನೆ ಕೊಟ್ಟರೆ ಜನ ಮನೆಯಲ್ಲಿ ಉಳಿಯುತ್ತಾರೆ ಎಂಬುದನ್ನು ಮಾತ್ರ ಅದು ತೋರಿಸಿತು. ಅದೇನೂ ಸಣ್ಣ ಸಂಗತಿಯಲ್ಲ.

ಇವೆಲ್ಲ ಶ್ರೀಮಂತ ದೇಶಗಳ ಮಾತು ಎನ್ನುವವರಿಗೆ ಪಕ್ಕದ ಚೆನ್ನೈಯ ಉದಾಹರಣೆ ಇದೆ. ಬೀದಿಯಲ್ಲಿದ್ದ ಮಾನಸಿಕ ಅಸ್ವಸ್ಥ ಹೆಂಗಸರಿಗಾಗಿ 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಸ್ಥಾಪಿಸಿದ ‘ದಿ ಬನಿಯನ್’ ಸಂಸ್ಥೆ ಮೊದಲು ನಡೆಸುತ್ತಿದ್ದುದು ಆಶ್ರಯ ಮತ್ತು ಚಿಕಿತ್ಸೆಯ ಕೇಂದ್ರವನ್ನು. ಗುಣವಾದ ಅನೇಕರು ತಮ್ಮ ಮನೆಗಳಿಗೆ ಹಿಂದಿರುಗಿದರು. ಹಿಂದಿರುಗಲು ಮನೆಯೇ ಇಲ್ಲದವರು ವರ್ಷಗಟ್ಟಲೆ ಅಲ್ಲೇ ಉಳಿದರು. ಅವರಿಗಾಗಿ ಸಂಸ್ಥೆ 2015ರಲ್ಲಿ ‘ಹೋಮ್ ಅಗೇನ್’ ಎಂಬ ಕಾರ್ಯಕ್ರಮ ಆರಂಭಿಸಿತು. ಹಳ್ಳಿ, ಪಟ್ಟಣಗಳ ಸಾಮಾನ್ಯ ಓಣಿಗಳಲ್ಲಿ ಮನೆ ಬಾಡಿಗೆಗೆ ಹಿಡಿದು, ಒಂದೊಂದರಲ್ಲಿ ನಾಲ್ಕೈದು ಹೆಂಗಸರು ಒಂದು ಸಂಸಾರದಂತೆ ಇರುವ ಏರ್ಪಾಡು ಇದು. ಜೊತೆಗೆ ಸ್ಥಳೀಯ ಕಾರ್ಯಕರ್ತೆಯರ ನೆರವು. ಏನು ಅಡುಗೆ ಮಾಡಬೇಕು, ಯಾವಾಗ ಸಂತೆಗೆ ಹೋಗಬೇಕು, ಯಾವ ದೇವರಿಗೆ ದೀಪ ಹಚ್ಚಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಮುಂದೆ ಇದು ಕೇರಳ, ಮಹಾರಾಷ್ಟ್ರಗಳಿಗೂ ಹಬ್ಬಿತು.

ಕಾನೂನೂ ಈ ದಾರಿಯನ್ನೇ ತೋರಿಸುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 19ನೇ ಕಲಮಿನ ಪ್ರಕಾರ, ಕುಟುಂಬವಿಲ್ಲ, ಕುಟುಂಬ ಒಪ್ಪಿಕೊಳ್ಳುವುದಿಲ್ಲ, ಮನೆಯಿಲ್ಲ ಎಂಬ ಕಾರಣಗಳಿಗಾಗಿ ಮಾತ್ರವೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಸಮಾಜದ ನಡುವೆ ಬಾಳುವುದು ಅವರ ಹಕ್ಕು. ಬೆಂಬಲ ಸಹಿತ ವಸತಿಯನ್ನು ಒದಗಿಸಬೇಕಾದ ಸೇವೆಗಳ ಪಟ್ಟಿಯಲ್ಲಿ ಅದೇ ಕಾಯ್ದೆಯ 18ನೇ ಕಲಮು ಹೆಸರಿಸುತ್ತದೆ. ದೇಶಕ್ಕೇ ಮಾದರಿಯಾದ ನಿಮ್ಹಾನ್ಸ್ ಇರುವ ನಗರದಲ್ಲಿ, ಚಿಕಿತ್ಸೆ ಮುಗಿಸಿ ಹೊರಬಂದ ಅನಾಥ ರೋಗಿ ಮತ್ತೆ ಬಸ್ ನಿಲ್ದಾಣಕ್ಕೇ ಹೋಗಬೇಕಾದರೆ ಆ ಚಿಕಿತ್ಸೆಯ ಫಲ ಎಷ್ಟು ದಿನ ಉಳಿದೀತು?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮನೆ ಕೊಟ್ಟರೆ ಸಾಲದೆ, ಅದರ ಜೊತೆ ಬೆಂಬಲವೇಕೆ? ಇದಕ್ಕೆ ಉತ್ತರವನ್ನು ಕೃಷ್ಣಾ ತೀರದ ನಮ್ಮ ಸೀಮೆಯಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಮೇಲ್ದಂಡೆ ಯೋಜನೆಗಾಗಿ ಊರು ಬಿಟ್ಟವರಿಗೆ ಪರಿಹಾರದ ಹಣ, ಪುನರ್ವಸತಿ ಕೇಂದ್ರಗಳಲ್ಲಿ ನಿವೇಶನ ಇವೆಲ್ಲ ಕಾಗದದ ಮೇಲೆ ಇದ್ದವು. ಆದರೂ ಪುನರ್ವಸತಿ ಸಮರ್ಪಕವಾಗಿಲ್ಲವೆಂದು ವಿಶ್ವಬ್ಯಾಂಕ್ 1990ರ ದಶಕದಲ್ಲಿ ಸಾಲದ ಹಣ ಬಿಡುಗಡೆಯನ್ನೇ ತಡೆಹಿಡಿದಿತ್ತು. 2009ರ ಮಹಾಪೂರದ ನಂತರ ‘ಆಸರೆ’ ಯೋಜನೆಯಲ್ಲಿ ಉತ್ತರ ಕರ್ನಾಟಕದ ನದಿತೀರದ ಊರುಗಳಿಗಾಗಿ ಸಾವಿರಾರು ಮನೆಗಳು ಎದ್ದವು. ದಾನಿಗಳೂ ಉದಾರವಾಗಿ ಕೈಜೋಡಿಸಿದರು. ಹೊಲದಿಂದ ದೂರ, ನೀರಿಲ್ಲ, ದನಕರು ಕಟ್ಟಲು ಜಾಗವಿಲ್ಲ ಎಂಬ ಕಾರಣಗಳಿಂದ ಹಲವು ಕಡೆ ಮನೆಗಳು ಖಾಲಿ ಉಳಿದು ಜಾಲಿಗಿಡ ಬೆಳೆದವು. ನಾರಾಯಣಪುರದಿಂದ ನೀರು ಬಿಟ್ಟಾಗಲೆಲ್ಲ ದ್ವೀಪವಾಗುತ್ತಿದ್ದ ನೀಲಕಂಠರಾಯನಗಡ್ಡಿಯ ಜನರಿಗೆ ಮನೆಗಳಿದ್ದವು. ಆಸ್ಪತ್ರೆಗೆ ದಾರಿ ಇರಲಿಲ್ಲ. 2014ರಲ್ಲಿ ತುಂಬು ಗರ್ಭಿಣಿಯೊಬ್ಬರು ಉಕ್ಕುವ ಕೃಷ್ಣೆಯನ್ನು ಈಜಿ ದಡ ಸೇರಿದ ಸುದ್ದಿಯನ್ನು ಓದುಗರು ಮರೆತಿರಲಾರರು. ಗೋಡೆ ಮತ್ತು ಮಾಡು ಇದ್ದಮಾತ್ರಕ್ಕೆ ಬದುಕು ಕುದುರುವುದಿಲ್ಲ. ದುಡಿಮೆ, ಔಷಧ, ಮಾತಿಗೆ ಜನ ಇವು ಕೈಗೆಟುಕುವಂತಿದ್ದಾಗ ಮಾತ್ರ ಮನೆ ಮನೆಯಾಗುತ್ತದೆ. ಹಳ್ಳಿಗರ ವಿಷಯದಲ್ಲಿ ಕಲಿತ ಈ ಪಾಠವನ್ನು ನಗರದ ನಿರ್ಗತಿಕರ ವಿಷಯದಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಗಿಲ್ಲ.

ಇದಕ್ಕೆ ಬರುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಬೆವರು ಸುರಿಸಿ ಬಾಡಿಗೆ ಕಟ್ಟುವ ಕೂಲಿಕಾರನಿಗೆ ಇಲ್ಲದ ಸೌಲಭ್ಯ ಕುಡುಕನಿಗೆ ಏಕೆ ಎಂಬುದು ಮೊದಲನೆಯದು. ನ್ಯಾಯವಾದ ಪ್ರಶ್ನೆಯೇ. ಆದರೆ ಒಬ್ಬ ಬಡವನ ಎದುರು ಇನ್ನೊಬ್ಬ ಬಡವನನ್ನು ನಿಲ್ಲಿಸುವುದರಿಂದ ಇಬ್ಬರಿಗೂ ಮನೆ ಸಿಗುವುದಿಲ್ಲ. ಶೆಡ್ಡಿನಲ್ಲಿರುವ ಕೂಲಿಕಾರರಿಗೆ ಬೇಕಾದದ್ದು ಕೈಗೆಟುಕುವ ಬಾಡಿಗೆಯ ಮನೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದೇ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಸಂಗ್ರಹವಾಗುತ್ತದೆ. ಅದರ ಒಂದು ಪಾಲು ಅಂಥ ವಸತಿಗೆ ಹೋಗಬೇಕೆಂದು ಕೇಳುವುದು ತಪ್ಪಲ್ಲ. ಬೆಂಬಲ ಸಹಿತ ವಸತಿ ಬೇಕಾಗಿರುವುದು, ಕಡಿಮೆ ಬಾಡಿಗೆಯ ಮನೆ ಸಿಕ್ಕರೂ ಒಂಟಿಯಾಗಿ ನಿಭಾಯಿಸಲಾಗದ ಸ್ವಲ್ಪ ಜನರಿಗೆ. ಎರಡೂ ಬೇಕು, ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸಬಾರದು.

ಎರಡನೆಯದು ಹಣದ ಮಾತು. ಈ ಅಂಕಣವನ್ನು ಓದುತ್ತಿರುವ ಸ್ವಂತ ಮನೆಯವರು ತಮ್ಮ ಆಸ್ತಿ ತೆರಿಗೆಯ ಲೆಕ್ಕವನ್ನೊಮ್ಮೆ ನೋಡಬೇಕು. ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಕರ ನಿರಾಶ್ರಿತರಿಗೆಂದೇ ಇದೆ. ಪಾಲಿಕೆ ಸಂಗ್ರಹಿಸಿದ ಈ ಹಣ ಸಕಾಲಕ್ಕೆ ಪರಿಹಾರ ಸಮಿತಿಗೆ ಸಂದಾಯವಾಗಿಲ್ಲ ಎಂಬ ದೂರು ಬಹಳ ಹಳೆಯದು. ಅಂದರೆ ಹಣ ಕೊಡುವವರು ಕೊಟ್ಟಾಗಿದೆ. ಅದು ಎಲ್ಲಿಗೆ ಹೋಗಬೇಕೆಂದು ಯೋಚಿಸುವ ಕೆಲಸ ಉಳಿದಿದೆ. ಇನ್ನೊಂದು ಕಡೆ, ಬೀದಿಯಲ್ಲಿರುವವನು ಸರ್ಕಾರಕ್ಕೆ ಪುಕ್ಕಟೆ ಎಂಬುದೂ ಭ್ರಮೆ. ಪೊಲೀಸ್ ಠಾಣೆ, ಆಂಬುಲೆನ್ಸ್, ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗ, ಪರಿಹಾರ ಕೇಂದ್ರ, ಮತ್ತೆ ಬೀದಿ. ಈ ಸುತ್ತಾಟದ ಪ್ರತಿ ಹಂತಕ್ಕೂ ಬೊಕ್ಕಸದಿಂದಲೇ ಖರ್ಚು. ಆ ಖರ್ಚಿನಿಂದ ಯಾರ ಬದುಕೂ ನೇರವಾಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಹಾಗಾದರೆ ಏನು ಮಾಡಬಹುದು? 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಒಂದೊಂದು ಪಾಲಿಕೆಯೂ ಬಹುಕಾಲದಿಂದ ಬೀದಿಯಲ್ಲಿರುವ ನೂರು ಜನರನ್ನು ಗುರುತಿಸಿ, ಇಪ್ಪತ್ತು ಇಪ್ಪತ್ತೈದು ಬಾಡಿಗೆ ಮನೆಗಳಲ್ಲಿ ನೆಲೆಗೊಳಿಸುವ ಪ್ರಯೋಗ ಆರಂಭಿಸಲಿ. ನಡೆಸುವ ಹೊಣೆಯನ್ನು ಅನುಭವವಿರುವ ಸ್ವಯಂಸೇವಾ ಸಂಸ್ಥೆಗಳಿಗೆ ವಹಿಸಿ, ಬಾಡಿಗೆ ಕರಾರಿನಲ್ಲಿ ಪಾಲಿಕೆಯೇ ಜಾಮೀನಾಗಿ ನಿಲ್ಲಲಿ. ಮಾನಸಿಕ ಅಸ್ವಸ್ಥರಿಗಾಗಿ ರಾಜ್ಯದಲ್ಲಿ ‘ಮಾನಸಧಾರ’ ಹಗಲು ಆರೈಕೆ ಕೇಂದ್ರಗಳಿವೆ; ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಚಿಕಿತ್ಸಾಲಯಗಳಿವೆ. ಆ ವ್ಯವಸ್ಥೆಯನ್ನು ಈ ಮನೆಗಳಿಗೆ ಜೋಡಿಸುವುದು ಕಷ್ಟವಲ್ಲ. ವಿಳಾಸ ಸಿಕ್ಕೊಡನೆ ಪಡಿತರ ಚೀಟಿ, ವೃದ್ಧಾಪ್ಯ ವೇತನ, ಬ್ಯಾಂಕ್ ಖಾತೆಯ ಬಾಗಿಲುಗಳು ತಾವಾಗಿ ತೆರೆಯುತ್ತವೆ. ಎರಡು ವರ್ಷದ ನಂತರ ನೂರರಲ್ಲಿ ಎಷ್ಟು ಜನ ಮನೆಯಲ್ಲಿ ಉಳಿದರೆಂದು ಎಣಿಸಿ, ಆ ಲೆಕ್ಕವನ್ನು ಸಾರ್ವಜನಿಕರ ಮುಂದಿಡಲಿ. ಫಲವಿಲ್ಲದಿದ್ದರೆ ಕೈಬಿಡಲಿ.

ಇದರ ಇನ್ನೊಂದು ತುದಿ ಯಾದಗಿರಿಯಲ್ಲೇ ಇರಬೇಕು. ಊರಿಗೆ ಮರಳುವ ಆಸೆ ಇರುವವರನ್ನು ಬಸ್ಸು ಹತ್ತಿಸಿ ಕೈತೊಳೆದುಕೊಳ್ಳುವುದು ಪುನರ್ವಸತಿಯಲ್ಲ. ಹಿಂದಿರುಗಿದವನಿಗೆ ಸುರಪುರದಲ್ಲೋ ಶಹಾಪುರದಲ್ಲೋ ಒಂದು ಬಾಡಿಗೆ ಮನೆ, ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧ, ತಿಂಗಳಿಗೊಮ್ಮೆ ಹೋಗಿ ವಿಚಾರಿಸುವ ಒಬ್ಬ ಕಾರ್ಯಕರ್ತ ಇಷ್ಟಾದರೂ ಇರಬೇಕು. ಬೆಂಗಳೂರಿಗಿಂತ ಅಲ್ಲಿ ಬಾಡಿಗೆಯೂ ಕಡಿಮೆ, ಮಾತಾಡಿಸುವ ಜನವೂ ಹೆಚ್ಚು. ಸಂವಿಧಾನದ 371ಜೆ ಅನ್ವಯ ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಗೆ ಬರುವ ಅನುದಾನದಲ್ಲಿ ರಸ್ತೆ, ಕಟ್ಟಡಗಳ ಜೊತೆ ಇಂಥ ಕೆಲಸಕ್ಕೂ ಒಂದು ಸಣ್ಣ ಪಾಲು ಇರಲಿ ಎಂದು ಅಲ್ಲಿನ ಶಾಸಕರು ಕೇಳಬೇಕು.

ಆದರೆ ಈ ಯೋಜನೆಗೆ ಎದುರಾಗುವ ಅತಿ ದೊಡ್ಡ ಅಡ್ಡಿ ಹಣದ್ದೂ ಅಲ್ಲ, ಕಾನೂನಿನದೂ ಅಲ್ಲ. ಅದು ನಮ್ಮ ಬೀದಿಗಳಲ್ಲಿದೆ. ಬೆಂಬಲ ಸಹಿತ ವಸತಿ ಸಾಮಾನ್ಯ ಮನೆಗಳಲ್ಲೇ ನಡೆಯಬೇಕು. ಅಂದರೆ ಯಾರಾದರೂ ತಮ್ಮ ಮನೆಯನ್ನು ಬಾಡಿಗೆಗೆ ಕೊಡಬೇಕು. ಪಕ್ಕದ ಮನೆಯವರು ಅದನ್ನು ಸಹಿಸಿಕೊಳ್ಳಬೇಕು. ‘ಮನೆ ಬಾಡಿಗೆಗೆ ಇದೆ’ ಎಂಬ ಫಲಕ ನೋಡಿ ಬಂದವರನ್ನು ಜಾತಿ ಕೇಳಿ, ಊಟದ ಪದ್ಧತಿ ಕೇಳಿ, ಒಂಟಿ ಹೆಣ್ಣೆಂದು ಶಂಕಿಸಿ ವಾಪಸು ಕಳಿಸುವ ನಗರ ನಮ್ಮದು. ಹತ್ತು ವರ್ಷ ಬೀದಿಯಲ್ಲಿದ್ದು ಬಂದವರನ್ನು ಅದು ಹೇಗೆ ಬರಮಾಡಿಕೊಂಡೀತು? ಭಯ ಸಹಜ. ಆದರೆ ಬೀದಿಯಲ್ಲಿ ಯಾವ ಆಸರೆಯೂ ಇಲ್ಲದೆ ಇರುವ ರೋಗಿಗಿಂತ, ಔಷಧ ತೆಗೆದುಕೊಳ್ಳುತ್ತ, ವಾರಕ್ಕೆರಡು ಸಲ ಕಾರ್ಯಕರ್ತೆಯನ್ನು ಕಾಣುತ್ತ ಪಕ್ಕದ ಮನೆಯಲ್ಲಿರುವವರು ಎಷ್ಟೋ ನಿರಪಾಯಕರು. ಏನಾದರೂ ತೊಂದರೆಯಾದರೆ ದೂರು ಹೇಳಲು ಒಂದು ಸಂಸ್ಥೆ, ಒಂದು ದೂರವಾಣಿ ಸಂಖ್ಯೆ ಅಲ್ಲಿ ಇರುತ್ತದೆ. ಬೀದಿಯಲ್ಲಿ ಅದೂ ಇರುವುದಿಲ್ಲ.

ನಮ್ಮ ಮಧ್ಯಮ ವರ್ಗ ಅನ್ನದಾನದಲ್ಲಿ ಹಿಂದೆ ಬಿದ್ದಿಲ್ಲ. ಹುಟ್ಟುಹಬ್ಬಕ್ಕೆ, ತಿಥಿಗೆ ಅನಾಥಾಶ್ರಮದಲ್ಲಿ ಊಟ ಹಾಕಿಸುವವರು, ಚಳಿಗಾಲದಲ್ಲಿ ಕಂಬಳಿ ಹಂಚುವವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಅದು ದೊಡ್ಡ ಗುಣ. ಆದರೆ ಕಂಬಳಿ ಹೊದೆದವನು ನಾಳೆಯೂ ಫುಟ್‌ಪಾತಿನಲ್ಲೇ ಇರುತ್ತಾನೆ. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳು ತಮ್ಮ ಮುಂದಿನ ಸಭೆಯಲ್ಲಿ, ಇಂಥದೊಂದು ಮನೆ ನಮ್ಮ ಬೀದಿಗೆ ಬರುವುದಾದರೆ ಒಪ್ಪುತ್ತೇವೆಯೇ ಎಂಬ ವಿಷಯವನ್ನು ಚರ್ಚೆಗೆ ಎತ್ತಿಕೊಂಡರೆ ಅದು ನೂರು ಕಂಬಳಿಗಿಂತ ದೊಡ್ಡ ಕೆಲಸ. ಖಾಲಿ ಇರುವ ಕೆಳಮಹಡಿಯ ಮನೆಯೊಂದನ್ನು ಪೇಟೆಯ ದರಕ್ಕೇ, ಪಾಲಿಕೆಯ ಜಾಮೀನಿನ ಮೇಲೆ ಬಾಡಿಗೆಗೆ ಕೊಡಲು ಒಬ್ಬರು ಮುಂದೆ ಬಂದರೂ ನಾಲ್ಕು ಜನರಿಗೆ ಗಂಟು ಇಡಲು ಜಾಗ ಸಿಕ್ಕಂತೆ. ಸರ್ಕಾರ ಯೋಜನೆ ರೂಪಿಸಬಹುದು, ನ್ಯಾಯಾಲಯ ಆದೇಶ ಹೊರಡಿಸಬಹುದು. ಬಾಗಿಲು ತೆರೆಯಬೇಕಾದವರು ಮಾತ್ರ ನಾವೇ.